ಎರಡು ಗುಲಗಂಜಿ

ಸಖರಾಯಪಟ್ಟಣದ ಪೇಟೆಬೀದಿಯಲ್ಲಿ ಒಬ್ಬರು ಆಚಾರ್ರಿದ್ದರು. ಅವರ ಜಗಲಿಯ ಮೇಲೆ ಕುಲುಮೆ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈ ಅಗಲದ ತಕ್ಕಡಿ. 1966ರಲ್ಲಿ, ನನಗೆ ಹತ್ತು ವರ್ಷವಿದ್ದಾಗ, ತುಂಡಾದ ಬೆಳ್ಳಿ ಉಡಿದಾರವೊಂದನ್ನು ಹಿಡಿದುಕೊಂಡು ಅಜ್ಜಿಯ ಜೊತೆ ಅಲ್ಲಿಗೆ ಹೋಗಿದ್ದೆ. ಆಚಾರ್ರು ಒಂದು ತಟ್ಟೆಯಲ್ಲಿ ಉಡಿದಾರ ಇಟ್ಟರು. ಇನ್ನೊಂದು ತಟ್ಟೆಗೆ, ನಾನು ಎದುರು ನೋಡುತ್ತಿದ್ದ ತೂಕದ ಕಲ್ಲಿನ ಬದಲು, ಒಂದು ಬೆಳ್ಳಿ ರೂಪಾಯಿ ಬಿತ್ತು. ಅದರ ಮೇಲೆ ಕಿರೀಟ ತೊಟ್ಟ ಹೆಂಗಸಿನ ಮುಖ. ಆಮೇಲೆ ಒಂದು ಡಬ್ಬಿ ತೆಗೆದು, ಚಿಮಟದಲ್ಲಿ ಎರಡು ಗುಲಗಂಜಿ ಎತ್ತಿ ಆ ಹೆಂಗಸಿನ ಪಕ್ಕದಲ್ಲಿಟ್ಟರು.

ಗುಲಗಂಜಿ ಯಾಕೆ ಎಂದು ನಾನು ಕೇಳಿದೆ.

"ರಾಣಿ ಸವೆದುಹೋಗವ್ಳೆ ಕಣಪ್ಪ. ತೂಕ ತುಂಬಬೇಕಲ್ಲ" ಅಂದರು.

ಗ್ರಾಮು, ಕಿಲೋ ಬಂದು ನಾಲ್ಕಾರು ವರ್ಷ ಆಗಿದ್ದವು. ಶಾಲೆಯಲ್ಲಿ ನಮಗೆ ಅದೇ ಪಾಠ. ಆಚಾರ್ರ ಬಳಿ ಗ್ರಾಮಿನ ತೂಕಗಳೂ ಇದ್ದವು. ಆದರೆ ಅಜ್ಜಿಯಂಥವರು ಬಂದರೆ ಅವರು ರೂಪಾಯಿಯನ್ನೇ ತೆಗೆಯುತ್ತಿದ್ದರು. ಅಜ್ಜಿ ತಕ್ಕಡಿಯ ಮುಳ್ಳನ್ನು ನೋಡುತ್ತಲೇ ಇರಲಿಲ್ಲ. ಆ ರೂಪಾಯಿಯನ್ನು, ಆ ಎರಡು ಕಾಳನ್ನು ನೋಡಿ "ಆಯ್ತು" ಅನ್ನುತ್ತಿದ್ದಳು. ನನ್ನ ನಾಣ್ಯದ ಹುಚ್ಚು ಶುರುವಾದದ್ದು ಆ ಜಗಲಿಯ ಮೇಲೆ.

ಆ ತೂಕದ ಹಿಂದಿನ ಲೆಕ್ಕ ನನಗೆ ತಿಳಿಯಲು ಮುಂದೆ ಹದಿನೈದು ವರ್ಷ ಹಿಡಿಯಿತು. 1835ಕ್ಕೆ ಮುಂಚೆ ಈ ದೇಶದಲ್ಲಿ ಒಂದು ರೂಪಾಯಿ ಎನ್ನುವುದು ಇರಲಿಲ್ಲ. ಬಂಗಾಳಕ್ಕೆ ಸಿಕ್ಕಾ ರೂಪಾಯಿ, ಮದರಾಸಿಗೆ ಆರ್ಕಾಟು ರೂಪಾಯಿ, ಬೊಂಬಾಯಿಗೆ ಸೂರತ್ ರೂಪಾಯಿ, ನಮ್ಮ ಮೈಸೂರು ಸೀಮೆಗೆ ಕಂಠೀರಾಯಿ ವರಹ ಮತ್ತು ಹಣ. ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಬಟ್ಟಾ ಮುರಿದು ಲೆಕ್ಕ ಹೇಳುವುದೇ ಚಿನಿವಾರರ ಕಸುಬಾಗಿತ್ತು. 1835ರ ಕಾಯ್ದೆಯಲ್ಲಿ ಕಂಪನಿ ಸರ್ಕಾರ ಎಲ್ಲ ಕಡೆಗೂ ಒಂದೇ ರೂಪಾಯಿ ಎಂದು ಗೊತ್ತುಮಾಡಿತು. 180 ಗ್ರೇನ್ ತೂಕ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಇಂದಿನ ಲೆಕ್ಕದಲ್ಲಿ 11.66 ಗ್ರಾಂ, ಅದರಲ್ಲಿ 10.69 ಗ್ರಾಂ ಬೆಳ್ಳಿ. ಆ 180 ಗ್ರೇನೇ ಒಂದು ತೊಲ. ರೂಪಾಯಿಯೇ ತೊಲ, ತೊಲವೇ ರೂಪಾಯಿ. ಎಂಟಾಣೆ ಅರ್ಧ ತೊಲ, ಪಾವಲಿ ಕಾಲು ತೊಲ, ಬೆಳ್ಳಿಯ ಎರಡಾಣೆ ಅರೆಕಾಲು ತೊಲ. ಜೇಬಿನಲ್ಲಿ ನಾಲ್ಕು ಬಗೆಯ ನಾಣ್ಯ ಇದ್ದವನ ಹತ್ತಿರ ಒಂದು ಪೂರ್ತಿ ತೂಕದ ಪೆಟ್ಟಿಗೆಯೇ ಇದ್ದ ಹಾಗೆ.

ಇದು ಅಕ್ಕಸಾಲೆಗೆ ಮಾತ್ರ ಸೇರಿದ ವಿಷಯವಲ್ಲ. ಮೈಸೂರು ಸೀಮೆಯ ಕಚ್ಚಾ ಸೇರು ಅಂದರೆ 24 ರೂಪಾಯಿ ತೂಕ. ಅಂಥ 40 ಸೇರು ಒಂದು ಮಣ. ಗುಣಿಸಿದರೆ 960 ರೂಪಾಯಿ, ಗ್ರಾಮಿಗೆ ಇಳಿಸಿದರೆ 11 ಕಿಲೋ 200 ಗ್ರಾಂ ಹತ್ತಿರ. ನಮ್ಮ ಕಡೆ ಕೊಬ್ಬರಿಯ ಮಾತು, ಬೆಲ್ಲದ ಮಾತು ಬಂದಾಗ ಹಳಬರು ಮಣ ಎನ್ನುವುದನ್ನು ಕೇಳಿದಾಗಲೆಲ್ಲ, ಯಾರ ಕಣ್ಣಿಗೂ ಬೀಳದ ಆ 960 ರೂಪಾಯಿ ನನ್ನ ಕಣ್ಣೆದುರು ಗುಡ್ಡೆ ಬೀಳುತ್ತವೆ.

ಅಜ್ಜಿಯ ಹತ್ತಿರ ಏಳು ರೂಪಾಯಿ ಇದ್ದವು. ಹಿತ್ತಾಳೆ ಕರಡಿಗೆಯಲ್ಲಿ, ಅರಿಶಿನ ಹತ್ತಿದ ಬಟ್ಟೆಯೊಳಗೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಗೆ ಬರುತ್ತಿದ್ದವು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳು ನಾಣ್ಯ ಗುರುತಿಸುತ್ತಿದ್ದದ್ದು ತಲೆ ನೋಡಿ. ತುರುಬಿನ ರಾಣಿ, ಕಿರೀಟದ ರಾಣಿ, ಬೋಳುಮಂಡೆ ರಾಜ, ಗಡ್ಡದ ರಾಜ. ನಾನು ಹೈಸ್ಕೂಲಿಗೆ ಬಂದ ಮೇಲೆ ಅವಕ್ಕೆಲ್ಲ ಹೆಸರು, ಇಸವಿ ಹಚ್ಚಿದೆ. ತುರುಬಿನ ರಾಣಿ ಎಂದರೆ 1840ರ ಕಂಪನಿ ರೂಪಾಯಿ, ಎಳೆಯ ವಿಕ್ಟೋರಿಯಾ. ಕಿರೀಟದ ರಾಣಿಯರು ಮೂವರು, ಮೂವರೂ 1862. ಬೋಳುಮಂಡೆಯವನು ಏಳನೇ ಎಡ್ವರ್ಡ್, 1907. ಅವನ ನಾಣ್ಯದಲ್ಲಿ ತಲೆಯ ಮೇಲೆ ಕಿರೀಟವೇ ಇಲ್ಲ; ಕಿರೀಟ ಹಿಂಬದಿಯಲ್ಲಿದೆ, ಎರಡು ಕಡೆ ತಾವರೆಯ ಬಳ್ಳಿ. ಗಡ್ಡದವನು ಐದನೇ ಜಾರ್ಜ್, 1919. ಏಳನೆಯದು ಆರನೇ ಜಾರ್ಜನ 1944ರದು. ಅದನ್ನು ಅಜ್ಜಿ "ಸುಳ್ಳು ರೂಪಾಯಿ" ಅನ್ನುತ್ತಿದ್ದಳು.

ಸುಳ್ಳು ಯಾಕೆ ಎಂದು ಅವಳು ಮಾತಿನಲ್ಲಿ ಹೇಳಲಿಲ್ಲ. ಹಜಾರದ ಕಲ್ಲುಚಪ್ಪಡಿಯ ಮೇಲೆ ಮೊದಲು ರಾಣಿಯನ್ನು ಬಿಟ್ಟಳು. ಟಣ್ ಎಂದು ಸದ್ದೆದ್ದು, ಆ ಸದ್ದು ಎಳೆದುಕೊಂಡು ಹೋಯಿತು. ಆಮೇಲೆ 1944ರದನ್ನು ಬಿಟ್ಟಳು. ಸದ್ದು ಎದ್ದಲ್ಲೇ ಕೂತುಬಿಟ್ಟಿತು. ಯುದ್ಧಕಾಲದಲ್ಲಿ, 1940ರಿಂದ, ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಬೆಳ್ಳಿ 50, ತಾಮ್ರ 40, ನಿಕ್ಕಲ್ 5, ಸತು 5. ಯಾವ ಪುಸ್ತಕವನ್ನೂ ಕಾಣದ ನನ್ನ ಅಜ್ಜಿ ಅದನ್ನು ಕಿವಿಯಿಂದಲೇ ಕಂಡುಕೊಂಡಿದ್ದಳು.

ಮೂರು 1862ರ ರೂಪಾಯಿಗಳು ಬಹಳ ವರ್ಷ ನನ್ನನ್ನು ಕಾಡಿದವು. ಅವು ಅಜ್ಜಿಯ ತಾಯಿಯ ಮದುವೆಗೆ ಬಂದ ತೆರದ ದುಡ್ಡಿನಲ್ಲಿ ಉಳಿದವು. ಸಂತೆಯಲ್ಲಿ, ಕಡೂರಿನಲ್ಲಿ, ಬೀರೂರಿನಲ್ಲಿ ಎಲ್ಲಿ ನೋಡಿದರೂ 1862ರವೇ ಸಿಗುತ್ತಿದ್ದವು. 1865ರದು ಇಲ್ಲ, 1870ರದು ಇಲ್ಲ. ಆ ಒಂದು ವರ್ಷ ಅಷ್ಟೊಂದು ಹೊಡೆದರೇ? ಉತ್ತರ ಸಿಕ್ಕಿದ್ದು ಬೆಂಗಳೂರಿನ ಒಬ್ಬ ಹಿರಿಯ ಸಂಗ್ರಾಹಕರಿಂದ. 1862ರಲ್ಲಿ ಹೊಸ ಅಚ್ಚು ಬಂದ ಮೇಲೆ 1874ರವರೆಗೂ ರೂಪಾಯಿಯ ಮೇಲೆ ಅದೇ ಇಸವಿ ಉಳಿಯಿತಂತೆ. ನಿಜವಾದ ವರ್ಷವನ್ನು ಬೊಂಬಾಯಿ ಟಂಕಶಾಲೆಯವರು ಚುಕ್ಕಿಗಳಲ್ಲಿ ಗುಟ್ಟಾಗಿ ಗುರುತಿಟ್ಟರು. ಊರಿಗೆ ಬಂದವನೇ ಭೂತಗನ್ನಡಿ ಹಿಡಿದು ಕೂತೆ. ಒಂದು ನಾಣ್ಯದಲ್ಲಿ ಇಸವಿಯ ಕೆಳಗೆ, ಸಾಸಿವೆಯ ಹತ್ತನೇ ಒಂದು ಪಾಲಿನಷ್ಟು, ಚುಕ್ಕಿಗಳ ಸಾಲು ಕಂಡಿತು. ನೂರು ವರ್ಷ ನಮ್ಮ ಮನೆಯಲ್ಲೇ ಇದ್ದು, ಅರಿಶಿನದ ಅಡಿಯಲ್ಲಿ ಮುಚ್ಚಿಹೋಗಿದ್ದ ಚುಕ್ಕಿಗಳು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

1919ರದಕ್ಕೆ ತಾತನ ಕಥೆಯಿದೆ. ತಾತ ಗಾಡಿ ಹೊಡೆಯುತ್ತಿದ್ದರು. ಚಿಕ್ಕಮಗಳೂರಿನ ಕಡೆಗೆ ರಾಗಿ, ಅಲ್ಲಿಂದ ಇಳಿದು ಕಡೂರು ಸ್ಟೇಷನ್ನಿಗೆ ಕಾಫಿ ಮೂಟೆ. ಬೆಂಗಳೂರಿನಿಂದ ಹರಿಹರಕ್ಕೆ ರೈಲು 1889ರಲ್ಲೇ ಬಂದಿತ್ತು. ನಮ್ಮ ಸಖರಾಯಪಟ್ಟಣಕ್ಕೆ ಹಳಿ ಬಂದದ್ದು 2013ರಲ್ಲಿ. ಆ ನಡುವಿನ ಅಷ್ಟೂ ವರ್ಷ ಬಾಬಾಬುಡನ್‌ಗಿರಿ ಕಡೆಯ ಕಾಫಿಗೂ ಕಡೂರಿನ ರೈಲಿಗೂ ನಡುವೆ ನಮ್ಮೂರಿನ ದಾರಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಆ ನೋಟಿನ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚುಹಾಕಿದ್ದರು. ತಾತ ಅದನ್ನು ಮುಟ್ಟಲಿಲ್ಲವಂತೆ. "ಚಿತ್ರ ಕೊಟ್ರೆ ಎತ್ತು ಹುಲ್ಲು ತಿಂತದಾ?" ಎಂದು ಬಾಡಿಗೆಯನ್ನು ಬೆಳ್ಳಿಯಲ್ಲೇ ಕೇಳಿ ಪಡೆದರಂತೆ. ತಾತನಂತೆ ಬೆಳ್ಳಿಯನ್ನೇ ಕೇಳಿದವರು ದೇಶದ ತುಂಬ ಇದ್ದರು. ಅವರಿಗೆ ಕೊಡಲು ಬೆಳ್ಳಿ ಬಂದದ್ದು ಅಮೆರಿಕದಿಂದ. 1918ರಲ್ಲಿ ಅಲ್ಲಿನ ಸರ್ಕಾರ ಪಿಟ್‌ಮನ್ ಕಾಯ್ದೆ ಎಂದು ಮಾಡಿ, ತನ್ನ ಖಜಾನೆಯ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಇಂಡಿಯಾಕ್ಕೆಂದು ಬ್ರಿಟಿಷರಿಗೆ ಮಾರಿತು. ತಾತನ 1919ರ ರೂಪಾಯಿಯೊಳಗೆ ಆ ಡಾಲರುಗಳ ಬೆಳ್ಳಿ ಇದ್ದರೂ ಇರಬಹುದು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೇ ಯುದ್ಧದಲ್ಲಿ ಸರ್ಕಾರ ಹಳೆಯ ಬೆಳ್ಳಿಯನ್ನೇ ವಾಪಸು ಕೇಳಿತು. 1941ರಲ್ಲಿ ರಾಣಿಯ ರೂಪಾಯಿ ಚಲಾವಣೆಯಿಂದ ಹೋಯಿತು, ಮರುವರ್ಷ ಎಡ್ವರ್ಡನದು, 1943ರಲ್ಲಿ ಇಬ್ಬರು ಜಾರ್ಜರ ಹಳೆಯ ಬೆಳ್ಳಿ. ಮನೆಯಲ್ಲಿದ್ದ ಬೆಳ್ಳಿಯನ್ನೆಲ್ಲ ತಾತ ಗಂಟುಕಟ್ಟಿ ಕೊಟ್ಟುಬಂದರು. ಎಲ್ಲ ಎಂದು ಅವರು ಅಂದುಕೊಂಡಿದ್ದರು. ಆರು ರೂಪಾಯಿಯನ್ನು ಅಜ್ಜಿ ಹಗೇವಿನ ರಾಗಿಯೊಳಗೆ ಇಳಿಸಿದ್ದಳು. ಅವಳು ಸರ್ಕಾರದ ವಿರುದ್ಧ ನಿಂತವಳೇನಲ್ಲ. ಮೂರು ಅವಳ ತಾಯಿಯವು, ಎರಡು ಮುಯ್ಯಿಗೆ ಬಂದವು, ಒಂದು ಗಂಡನ ಬೆವರಿನದು. ಅವು ಅವಳ ಪಾಲಿಗೆ ಖರ್ಚಿನ ದುಡ್ಡೇ ಅಲ್ಲ.

ನಾನು ಮೇಷ್ಟ್ರಾಗಿ ಅಜ್ಜಂಪುರದ ಕಡೆ, ಆಮೇಲೆ ತರೀಕೆರೆಯ ಕಡೆ ಊರೂರು ಸುತ್ತಿದೆ. ಸಂಬಳ ಬಂದಾಗಲೆಲ್ಲ ಒಂದು ನಾಣ್ಯ. ಆ ಕಾಲದಲ್ಲಿ ನಾನು ಹುಡುಕುತ್ತಿದ್ದದ್ದು ಸವೆಯದ, ಗೀರಿಲ್ಲದ, ತೂತಿಲ್ಲದ ನಾಣ್ಯ. ಸಂಗ್ರಾಹಕರ ಲೋಕದಲ್ಲಿ ಬೆಲೆ ಇರುವುದು ಅದಕ್ಕೇ. ರಾಣಿಯ ಕೂದಲ ಎಳೆ ಎಣಿಸುವಂತಿದ್ದರೆ ಒಂದು ದರ, ಕೆನ್ನೆ ನುಣ್ಣಗಾಗಿದ್ದರೆ ಇನ್ನೊಂದು ದರ. ಕೊಂಡಿ ಬೆಸೆದಿದ್ದರೆ ಅದು ನಾಣ್ಯವೇ ಅಲ್ಲ, ಬರೀ ಬೆಳ್ಳಿ. ಈ ಲೆಕ್ಕವನ್ನು ನಾನೂ ಕಲಿತೆ. 1911ರ ಐದನೇ ಜಾರ್ಜನ ರೂಪಾಯಿಗಾಗಿ ಎರಡು ವರ್ಷ ಅಲೆದೆ. ಆ ವರ್ಷದ ನಾಣ್ಯದಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ, ಹಂದಿಯ ಹಾಗೆ ಕಂಡು, ಜನ ನೊಂದುಕೊಂಡರು. ಸುಮಾರು 94 ಲಕ್ಷ ಹೊಡೆದಿದ್ದರೂ ಹೊರಗೆ ಬಿಟ್ಟದ್ದು 7 ಲಕ್ಷದಷ್ಟು. ಉಳಿದವನ್ನು ಕರಗಿಸಿ 1912ರಲ್ಲಿ ಆನೆಯನ್ನು ತಿದ್ದಿ ಬರೆದರು. ಕೊನೆಗೆ ಅದು ಬೀರೂರಿನ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕಿತು.

ಹಳೆಯ ಪುಸ್ತಕಗಳನ್ನೂ ಆಗಲೇ ಓದಿದ್ದು. ಪ್ರೊ. ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕರ್ನಾಟಕದ ನಾಣ್ಯಗಳ ಪುಸ್ತಕ ನನಗೆ ಗದ್ಯಾಣದಿಂದ ಮಯಿಲಿ ಕಾಸಿನವರೆಗೆ ದಾರಿ ತೋರಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮಯಿಲಿ ಕಾಸನ್ನು ಮೊದಲ ಸಲ ಅಂಗೈಯಲ್ಲಿಟ್ಟುಕೊಂಡ ದಿನ ಗಂಟಲು ಕಟ್ಟಿತು. ಒಂದು ಬದಿ ಆನೆ, ಮೇಲೆ ಶ್ರೀ, ಇನ್ನೊಂದು ಬದಿ ಕನ್ನಡ ಅಕ್ಷರ. ಮೈಸೂರಿನ ಟಂಕಶಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಕಂಪನಿಯ ರೂಪಾಯಿಯಲ್ಲಿ ಇಂಗ್ಲಿಷು, ಫಾರ್ಸಿ. ಕಿರೀಟದ ರಾಣಿಯ ರೂಪಾಯಿಯಲ್ಲಿ ಬರೀ ಇಂಗ್ಲಿಷು. ನಮ್ಮ ಅಜ್ಜಿಯರು ಒಂದಕ್ಷರವನ್ನೂ ಓದಲಾಗದ ನಾಣ್ಯವನ್ನು ಜೀವದಂತೆ ಕಾಪಾಡಿದರು.

1980ರ ಜನವರಿಯನ್ನು ನಾನು ಮರೆಯಲಾರೆ. ಅಮೆರಿಕದ ಹಂಟ್ ಸಹೋದರರು ಲೋಕದ ಬೆಳ್ಳಿಯನ್ನೆಲ್ಲ ಗುಡ್ಡೆಹಾಕಲು ಹೊರಟು, ಬೆಲೆ ಎಲ್ಲೆಡೆ ಗಗನಕ್ಕೆ ಹೋಗಿತ್ತು. ಅದರ ಬಿಸಿ ನಮ್ಮ ಸಂತೆಬೀದಿಗೂ ತಟ್ಟಿತು. ಪಕ್ಕದ ಊರಿನ ಒಂದು ಅಂಗಡಿಗೆ ಹೋದೆ. ನೆಲದ ಮೇಲೆ ಗೋಣಿತಾಟು, ಅದರ ಮೇಲೆ ಮೊರದಷ್ಟು ರೂಪಾಯಿ. ರಾಣಿಯರು, ರಾಜರು, ಪಾವಲಿಗಳು. ಮೂಸೆ ಕೆಂಪಗೆ ಕಾದಿತ್ತು. ಹುಡುಗನೊಬ್ಬ ಬೊಗಸೆಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದ. ಬೆಳ್ಳಿ ಕರಗುವಾಗ ಮುಖ ಮೊದಲು ಹೋಗುವುದಿಲ್ಲ. ಅಂಚು ಮೆತ್ತಗಾಗುತ್ತದೆ, ಆಮೇಲೆ ಇಡೀ ನಾಣ್ಯ ಒಮ್ಮೆಲೇ ಕುಸಿಯುತ್ತದೆ. ನನ್ನ ಜೇಬಿನಲ್ಲಿ ಆ ತಿಂಗಳ ಸಂಬಳವಿತ್ತು. ಬೆಳ್ಳಿಯ ದರಕ್ಕೇ ಕೊಡುತ್ತೇನೆ ಎಂದರು. ಆ ಗುಡ್ಡೆಯ ಮುಂದೆ ಮಂಡಿಯೂರಿ ಆರಿಸಿದೆ. ಆರಿಸಿದ್ದು ಯಾವುದನ್ನು? ಹೊಳೆಯುವ, ಸವೆಯದ, ಚೊಕ್ಕದವನ್ನು. ಕೊಂಡಿ ಬೆಸೆದವನ್ನು ಪಕ್ಕಕ್ಕೆ ಸರಿಸಿದೆ. ಅವು ಮೂಸೆಗೆ ಹೋದವು.

ಅದು ತಪ್ಪು ಎಂದು ನನಗೆ ತೋರಿಸಿಕೊಟ್ಟವಳು ಒಬ್ಬ ಲಂಬಾಣಿ ಅಜ್ಜಿ. 1984ರ ಬೇಸಿಗೆ ಇರಬೇಕು. ನಮ್ಮೂರಿನ ಹತ್ತಿರದ ತಾಂಡಾದಿಂದ ಮೊಮ್ಮಗನನ್ನು ಶಾಲೆಗೆ ಸೇರಿಸಲು ಬಂದಿದ್ದಳು. ಎದೆಯ ತುಂಬ ರೂಪಾಯಿಯ ಸರ, ಹನ್ನೊಂದು ನಾಣ್ಯ. ನಡುವಿನದರ ಮೇಲೆ ನನ್ನ ಕಣ್ಣು ನಿಂತಿತು. 1877. ವಿಕ್ಟೋರಿಯಾ ಆ ವರ್ಷದ ಜನವರಿ ಒಂದರಂದು ಹಿಂದೂಸ್ಥಾನದ ಚಕ್ರವರ್ತಿನಿ ಎಂದು ದಿಲ್ಲಿ ದರ್ಬಾರಿನಲ್ಲಿ ಘೋಷಣೆಯಾಗಿತ್ತು. ಅಲ್ಲಿಯವರೆಗೆ ನಾಣ್ಯದಲ್ಲಿ ಬರೀ ರಾಣಿಯಾಗಿದ್ದವಳು ಆ ಇಸವಿಯಿಂದ ಚಕ್ರವರ್ತಿನಿ. ಅದೇ ವರ್ಷ ನಮ್ಮ ಸೀಮೆಯಲ್ಲಿ ಧಾತು ಈಶ್ವರ ಬರ. 50 ಲಕ್ಷದಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು 10 ಲಕ್ಷ ಅಳಿದುಹೋಯಿತು. ಹೊಟ್ಟೆಗಿಲ್ಲದೆ ಜನ ಮೈಮೇಲಿನ ಬೆಳ್ಳಿ ಮಾರಿದರು. ಆ ಕಾಲದಲ್ಲಿ ಒಡವೆಗಳು ರಾಶಿರಾಶಿಯಾಗಿ ಬೊಂಬಾಯಿ ಟಂಕಶಾಲೆ ಸೇರಿ ನಾಣ್ಯವಾದವು. ಕಡಗ ಹೋಗಿ ರೂಪಾಯಿಯಾದ ವರ್ಷವದು. ಆ ರೂಪಾಯಿ ಮತ್ತೆ ಸರವಾಗಿ ಒಬ್ಬ ಹೆಂಗಸಿನ ಎದೆಯ ಮೇಲೆ ನನ್ನ ಮುಂದೆ ಇತ್ತು.

"ಅಮ್ಮಾ, ಆ ನಡುವಿನದು ಕೊಡ್ತೀಯಾ? ಎರಡರಷ್ಟು ಬೆಳ್ಳಿ ಕೊಡ್ತೀನಿ" ಎಂದೆ.

ಅವಳು ಸರದ ಮೇಲೆ ಕೈಯಿಟ್ಟುಕೊಂಡು, "ಮೇಷ್ಟ್ರೇ, ಇದು ನಮ್ಮವ್ವಂದು. ಅವ್ವಂಗೆ ಅವಳವ್ವ ಕೊಟ್ಟಿದ್ದು. ಒಂದೊಂದು ಹೆಣ್ಣಿಗೆ ಒಂದೊಂದು ರೂಪಾಯಿ ಸೇರಿಸ್ತಾ ಬಂದೀವಿ. ಇದನ್ನ ಕಿತ್ರೆ ನಮ್ಮವ್ವ ಎಲ್ಲಿ ನಿಲ್ತಾಳೆ?" ಎಂದಳು.

ನಾನು ತಲೆ ಬಗ್ಗಿಸಿ ಮೊಮ್ಮಗನ ಹೆಸರು ಬರೆದುಕೊಂಡೆ. ಮೂಸೆಗೆ ಬಿಟ್ಟ ಆ ಕೊಂಡಿಯ ನಾಣ್ಯಗಳಲ್ಲಿ ಎಷ್ಟು ಮನೆಗಳ ತಾಯಂದಿರು ನಿಂತಿದ್ದರೋ. ಅಂದಿನಿಂದ ತೂತು ಬಿದ್ದದ್ದು, ಬೆಸೆದದ್ದು, ಕೆನ್ನೆ ಸವೆದದ್ದು ಸಿಕ್ಕರೆ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ. ಯಾರ ಮನೆಯದು, ಯಾಕೆ ಕೊಂಡಿ ಹಾಕಿಸಿದರು ಎಂದು ಕೇಳಿ, ಬರೆದುಕೊಂಡು, ನಾಣ್ಯದ ಜೊತೆಗೇ ಆ ಚೀಟಿ ಮಡಚಿಡುತ್ತೇನೆ. ನನ್ನ ಸಂಗ್ರಹದ ಬೆಲೆ ಮಾರುಕಟ್ಟೆಯಲ್ಲಿ ಇಳಿದಿರಬಹುದು. ಚೀಟಿಗಳು ಮುನ್ನೂರು ದಾಟಿವೆ.

ಇದೇ ನಾಣ್ಯಗಳ ಹೆಸರಿನಲ್ಲಿ ನಡೆಯುವ ಮೋಸವೊಂದು ನನಗೆ ಬಹಳ ನೋವು ಕೊಡುತ್ತದೆ. ಒಂದು ಬದಿ ರಾಮ ಸೀತೆ ಅಥವಾ ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದ ಬಿಲ್ಲೆಗಳನ್ನು ತೋರಿಸಿ, ಅಕ್ಕಿಯನ್ನು ಸೆಳೆಯುವ ಶಕ್ತಿ ಇದಕ್ಕಿದೆ, ಕೋಟಿಗೆ ಹೋಗುತ್ತದೆ ಎಂದು ನಂಬಿಸುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊಡೆದಿಲ್ಲ. ಪರಿಚಯದವರೊಬ್ಬರು ತೋಟದ ಮೇಲೆ ಸಾಲ ಎತ್ತಿ ಒಂದು ಬಿಲ್ಲೆ ಕೊಂಡು, ಬಟ್ಟೆಯಲ್ಲಿ ಸುತ್ತಿ ನನ್ನ ಬಳಿ ತಂದಿದ್ದರು. ಅವರ ಎದುರು ನಿಜ ಹೇಳಿದ ಆ ಗಳಿಗೆ ನನ್ನ ಮೇಷ್ಟ್ರುಗಿರಿಯಲ್ಲೇ ಕಷ್ಟದ ಗಳಿಗೆ. ದಯವಿಟ್ಟು ಯಾರೂ ಅಂಥದ್ದಕ್ಕೆ ಕೈಚಾಚಬೇಡಿ.

ಅಜ್ಜಿ ಹೋದಮೇಲೆ ಏಳು ರೂಪಾಯಿಯೂ ನನಗೆ ಬಂದವು. ಹುಡುಗನಾಗಿದ್ದಾಗ ಹಬ್ಬದ ಹಿಂದಿನ ದಿನ ಅವಳ ಜೊತೆ ಕೂತು ಅವನ್ನು ಹುಣಸೆಹಣ್ಣಿನಲ್ಲಿ, ವಿಭೂತಿಯಲ್ಲಿ ಉಜ್ಜುತ್ತಿದ್ದೆ. ಹಳೆಯ ನಾಣ್ಯದ ಮೇಲೆ ಕಾಲ ಕಟ್ಟುವ ಕಪ್ಪುಛಾಯೆಯನ್ನು ಉಜ್ಜಬಾರದು, ಉಜ್ಜಿದರೆ ಗೀರು ಬೀಳುತ್ತದೆ ಎಂದು ಆಮೇಲೆ ತಿಳಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು, ಎಲ್ಲವೂ ಗುಂಡಗೆ ಒಂದೇ ಕಡೆಗೆ ಸುತ್ತಿವೆ. ಅಜ್ಜಿಯ ಹೆಬ್ಬೆರಳು ತಿರುಗುತ್ತಿದ್ದದ್ದು ಹಾಗೆಯೇ.

ಹೋದ ವರ್ಷ ಶಕುನ ರಂಗನಾಥನ ಜಾತ್ರೆಗೆ ಊರಿಗೆ ಹೋದಾಗ ಆಚಾರ್ರ ಮಗ ದಾರಿಯಲ್ಲಿ ಸಿಕ್ಕರು. ಅವರಿಗೂ ಈಗ ತಲೆ ನರೆತಿದೆ. ಕುಲುಮೆ ಎತ್ತಿ ಬಹಳ ವರ್ಷವಾಯಿತು. "ನಿಮ್ಮದೊಂದು ವಸ್ತು ಇದೆ, ಅಪ್ಪ ಎತ್ತಿಟ್ಟಿದ್ರು" ಎಂದು ಮನೆಗೆ ಕರೆದರು. ಒಳಗಿನಿಂದ ಸಣ್ಣ ಡಬ್ಬಿ ತಂದರು. ರಾಣಿಯ ರೂಪಾಯಿ, ಎರಡು ಗುಲಗಂಜಿ. ಅವುಗಳ ಕೆಂಪು ಇನ್ನೂ ಮಾಸಿರಲಿಲ್ಲ. "ಗುಲಗಂಜಿ ಯಾಕೆ ಅಂತ ಕೇಳಿದ ಹುಡುಗನಿಗೆ ಕೊಡು ಅಂದಿದ್ರು" ಎಂದರು.

ರೂಪಾಯಿಯ ತೂಕಕ್ಕೆ ಬ್ರಿಟಿಷರ ಕಾಯ್ದೆಯಲ್ಲಿ ಒಂದು ಮಿತಿಯಿತ್ತು. ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಸವೆದರೆ ಅದು ಸಲ್ಲದ ರೂಪಾಯಿ. ಮನೆಗೆ ಬಂದು ಮೊಮ್ಮಗಳನ್ನು ಕೂರಿಸಿಕೊಂಡು, ನಾಣ್ಯ ತೂಗಲು ಇಟ್ಟುಕೊಂಡಿರುವ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದೆ. ರಾಣಿಯನ್ನಿಟ್ಟೆ. 11.42 ಎಂದು ತೋರಿಸಿತು. ಮಿತಿಯಿಂದ ಒಂದು ಕೂದಲು ಕೆಳಗೆ. ಸರ್ಕಾರದ ಕಣ್ಣಿಗೆ ಬಿದ್ದಿದ್ದರೆ ಕತ್ತರಿಸಿ ಬಿಸಾಡುತ್ತಿದ್ದರು.

"ಈಗ ಇವನ್ನ ಇಡು" ಎಂದು ಮೊಮ್ಮಗಳ ಕೈಗೆ ಗುಲಗಂಜಿ ಕೊಟ್ಟೆ. ಅವಳು ಒಂದನ್ನಿಟ್ಟಳು. ಅಂಕಿ ಅಲುಗಿ ಮೇಲೇರಿತು. ಇನ್ನೊಂದನ್ನಿಟ್ಟು, ಉಸಿರು ಬಿಗಿಹಿಡಿದು ಓದಿದಳು.

"ತಾತ, 11.66."